ಹುಣಸಿಗಡ್ಡಿಯ ಒಂದೇ ಒಲೆ

ಮನುಷ್ಯನ ಹಸಿವನ್ನು ದೂರದಲ್ಲಿ ಕುಳಿತೇ ಅಳೆಯುವ ಹಾಗಿದ್ದರೆ? ಕೇಳಲಿಕ್ಕೆ ಎಂಥ ಚೆಂದದ ಮಾತು! ಹೊಳೆ ಏರಿ ಊರಿಗೆ ಊರೇ ಮುಳುಗಿದಾಗ ಯಾರು ಉಂಡಿದ್ದಾರೆ, ಯಾರು ಉಂಡಿಲ್ಲ, ಯಾರ ಮೈ ಸುಡುತ್ತಿದೆ ಎಂದು ಗೊತ್ತಾಗಿಬಿಟ್ಟರೆ ದೋಣಿಯನ್ನು ಸರಿಯಾದ ದಡಕ್ಕೇ ಕಳಿಸಬಹುದಲ್ಲ. ಕೃಷ್ಣೆಯ ಎರಡೂ ದಂಡೆಯ ಜನಕ್ಕೆ ಸರ್ಕಾರ ಕಡಗ ತೊಡಿಸಿದ್ದು ಹೀಗೆ ಯೋಚಿಸಿಯೇ. ಅದಕ್ಕೂ ಮುಂಚೆ ದೋಣಿಗಳು ಹೋಗುತ್ತಿದ್ದದ್ದು ಫೋನು ಬಂದ ಕಡೆಗೆ. ಯಾರ ಮಾವ ದೊಡ್ಡ ಕುರ್ಚಿಯಲ್ಲಿದ್ದಾನೋ ಅವರ ಊರಿಗೆ ಮೊದಲನೆಯ ದೋಣಿ, ಅವರ ಎಮ್ಮೆಗಳಿಗೆ ಎರಡನೆಯದು. ಉಳಿದವರು ಬೇವಿನ ಮರ ಹತ್ತಿ ಕೂತು ದೇವರನ್ನು ನೆನೆಯಬೇಕಿತ್ತು.

ಕಡಗವೆಂದರೆ ಬೂದು ಬಣ್ಣದ, ರಬ್ಬರಿನಂಥ ಒಂದು ಬಳೆ. ಒಳಮೈಯಲ್ಲಿ ಕಡಲೆಕಾಳಿನಷ್ಟು ಒಂದು ಕಣ್ಣು. ರಕ್ತದ ಸಕ್ಕರೆ, ಒತ್ತಡ, ನಾಡಿ, ಮೈಬಿಸಿ ಎಲ್ಲವನ್ನೂ ಅದು ಚರ್ಮದ ಮೇಲಿನಿಂದಲೇ ಓದುತ್ತದೆ. ಪಕ್ಕದಲ್ಲಿ ಇನ್ನು ಯಾರ ಕಡಗವಿದೆ ಎನ್ನುವುದನ್ನೂ ತಿಳಿದುಕೊಳ್ಳುತ್ತದೆ. ಓದಿದ್ದನ್ನೆಲ್ಲ ಟವರಿನ ಮೂಲಕ ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಗೆ ಕಳಿಸುತ್ತದೆ. ಅಲ್ಲಿ ಗೋಡೆಯಗಲದ ಪರದೆಯ ಮೇಲೆ ಒಬ್ಬೊಬ್ಬರೂ ಒಂದೊಂದು ಚುಕ್ಕಿ: ಸುಖವಾಗಿದ್ದರೆ ಹಸಿರು, ಸೊರಗಿದರೆ ಹಳದಿ, ಅಪಾಯವಾದರೆ ಕೆಂಪು. ಆ ಚುಕ್ಕಿಗಳನ್ನು ನೋಡಿ ಯಾವ ಊರಿಗೆ ಮೊದಲು ದೋಣಿ ಎಂದು ಹೇಳುವ ಯಂತ್ರಕ್ಕೆ 'ಆಸರೆ' ಎಂದು ಹೆಸರಿಟ್ಟಿದ್ದರು. ಹೆಸರಿಗೇನು ಕೊರತೆ!

ಆಸರೆಯ ಲೆಕ್ಕದಲ್ಲಿ ಎರಡು ಭಾಗ. ಊರಿನ ಕಷ್ಟವೆಷ್ಟು ಎನ್ನುವುದು ಒಂದು. ಆ ಊರೊಳಗೆ ಒಬ್ಬರಿಗೊಬ್ಬರು ಎಷ್ಟು ನೆರವಿದ್ದಾರೆ ಎನ್ನುವುದು ಇನ್ನೊಂದು. ಕಷ್ಟದಲ್ಲಿ ನೆರವನ್ನು ಕಳೆದರೆ ಉಳಿಯುವುದೇ ಊರಿನ ಅಂಕ, ಅಂಕ ಹೆಚ್ಚಿದ ಊರಿಗೆ ಮೊದಲ ದೋಣಿ. ದೋಣಿಗಳು ಕಡಿಮೆ, ಊರುಗಳು ಬಹಳ. ನೋಡಿಕೊಳ್ಳುವವರು ಇದ್ದವರು ತುಸು ಕಾಯಲಿ, ಯಾರೂ ಇಲ್ಲದವರು ಮೊದಲು ಬರಲಿ ಎಂಬ ನ್ಯಾಯ. ತಪ್ಪೆನ್ನುವವರು ಯಾರು? ಈ ಎರಡನೆಯ ಭಾಗವನ್ನು, ಅಂದರೆ ನೆರವನ್ನು ಗುರುತಿಸುವುದನ್ನು, ಯಂತ್ರಕ್ಕೆ ಕಲಿಸಿದವಳು ದಾಕ್ಷಾಯಣಿ.

ದಾಕ್ಷಾಯಣಿ ಹುಟ್ಟಿ ಬೆಳೆದದ್ದು ಹುಣಸಿಗಡ್ಡಿಯಲ್ಲಿ. ಹೊಳೆಯ ನಟ್ಟನಡುವೆ ಇರುವ ನಡುಗಡ್ಡೆ ಅದು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳನ್ನು ಸೋದರತ್ತೆ ದುರುಗವ್ವ ತನ್ನ ಮಗಳಂತೆ ಸಾಕಿದ್ದಳು. ಆ ಗಡ್ಡೆಗೆ ಒಂದು ಪದ್ಧತಿ ಇದೆ. ಹೊಳೆ ಏರಿ ಓಡಾಟ ನಿಂತಿತೆಂದರೆ ಮನೆಮನೆಯ ಒಲೆಗೂ ನೀರು ಹಾಕಿ ಆರಿಸುತ್ತಾರೆ. ಮನೆಯಲ್ಲಿದ್ದ ಹಿಟ್ಟು, ಬೇಳೆ, ಉಪ್ಪು ಎಲ್ಲ ಶಾಲೆಯ ಅಂಗಳಕ್ಕೆ ಬರುತ್ತದೆ. ಅಲ್ಲಿ ಒಂದೇ ಒಲೆ. ಅಂಬಿಗರು, ಕುರುಬರು, ಸಾಬರು, ಮಾದರು, ಎಲ್ಲರ ಊಟವೂ ಆ ಒಂದು ಒಲೆಯ ಮೇಲೆಯೇ. ನೀರು ಇಳಿಯುವ ತನಕ ಬೇರೆ ಒಲೆ ಹಚ್ಚುವುದೆಂದರೆ ಗಡ್ಡೆಯ ಜನಕ್ಕೆ ಅದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿಲ್ಲ. ಹಾಗೆ ಹಚ್ಚಿದ ಮನೆಗೆ ಆಮೇಲೆ ಹೆಣ್ಣು ಕೊಡುವವರೂ ಸಿಗುತ್ತಿರಲಿಲ್ಲವಂತೆ.

ಆ ಒಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವಳು ಯಂತ್ರಕ್ಕೆ ಪಾಠ ಹೇಳಿದ್ದಳು. ಒಂದು ಊರಿನ ಎಲ್ಲರ ರಕ್ತದಲ್ಲೂ ಸಕ್ಕರೆ ಒಂದೇ ಹೊತ್ತಿಗೆ ಏರಿದರೆ ಅವರು ಒಟ್ಟಿಗೆ ಉಂಡಿದ್ದಾರೆ ಎಂದರ್ಥ. ರೋಗಿಯ ಪಕ್ಕದಲ್ಲಿ ಯಾವಾಗಲೂ ನಾಲ್ಕು ಕಡಗಗಳಿದ್ದರೆ ಆ ರೋಗಿಗೆ ಆರೈಕೆ ಇದೆ ಎಂದರ್ಥ. ಮೊದಲ ಸಲ ಯಂತ್ರ ಇದನ್ನು ತಾನಾಗಿ ಗುರುತಿಸಿದ ದಿನ ದಾಕ್ಷಾಯಣಿಗೆ ಎಷ್ಟು ಹಿಗ್ಗಾಗಿತ್ತೆಂದರೆ, ಕೊಠಡಿಯ ಮಂದಿಗೆಲ್ಲ ಮೈಸೂರುಪಾಕು ತಂದು ಹಂಚಿದ್ದಳು. ಪಾಪ, ತನ್ನ ಊರಿನ ಒಳ್ಳೆಯತನ ಕಳೆಯುವ ಲೆಕ್ಕಕ್ಕೆ ಬೀಳುತ್ತದೆಂದು ಅವಳಿಗೆ ಆಗ ಹೊಳೆದಿರಲಿಲ್ಲ.

ಈ ಸಲದ ಹೊಳೆ ಹಿಂದೆಂದೂ ಕಾಣದ ಹೊಳೆ. ಮೇಲೆ ಘಟ್ಟದಲ್ಲಿ ಮೋಡ ಒಡೆದು, ಅಣೆಕಟ್ಟುಗಳ ಬಾಗಿಲುಗಳನ್ನೆಲ್ಲ ಎತ್ತಿ, ದಂಡೆಯ ಊರುಗಳೆಲ್ಲ ರಾತ್ರಿ ಕಳೆಯುವುದರೊಳಗೆ ಕೆಂಪು ನೀರಿನ ಪಾಲಾಗಿದ್ದವು. ಹುಣಸಿಗಡ್ಡಿಯ ಸೇತುವೆ ಕೊಚ್ಚಿಹೋಯಿತು, ಹರಗೋಲುಗಳೂ ಹೋದವು. ಗಡ್ಡೆಯ ಮೇಲುಭಾಗ ಮಾತ್ರ ಉಳಿದಿತ್ತು: ಶಾಲೆ, ಅದರ ಸುತ್ತಲಿನ ಮನೆಗಳು, ದೂರದ ತುದಿಯಲ್ಲಿ ಒಂದು ಹಳೆಯ ಗೋದಾಮು. ನಿಯಂತ್ರಣ ಕೊಠಡಿಯಲ್ಲಿ ಕಣ್ಣಿಗೆ ಎಣ್ಣೆ ಹಾಕಿಕೊಂಡು ಕೂತಿದ್ದ ದಾಕ್ಷಾಯಣಿಗೆ ಒಂದೇ ಸಮಾಧಾನ. ಒಲೆ ಹೊತ್ತಿತ್ತು. ದಿನಕ್ಕೆ ಒಂದು ಸಲ, ಗಡ್ಡೆಯ ಚುಕ್ಕಿಗಳೆಲ್ಲ ಒಟ್ಟಿಗೆ ತುಸು ಹಸಿರಿನ ಕಡೆ ಹೊರಳಿ ಮತ್ತೆ ಹಳದಿಗೆ ಬರುತ್ತಿದ್ದವು.

ಮೌನೇಶನ ಫೋನು ಬಂದದ್ದು ಬೆಳಗಿನ ಹೊತ್ತಿನಲ್ಲಿ. ಮೌನೇಶ ಗಡ್ಡೆಯ ಅಂಬಿಗ, ಹರಗೋಲು ಹೋದ ಮೇಲೂ ಊರಿಗೆ ಅವನೇ ಹಿರಿಯ. ಗಡುಸು ಗಂಟಲಿನ ಮನುಷ್ಯ ಅಂದು ಪಿಸುಗುಡುತ್ತಿದ್ದ.

"ದಾಕ್ಷಾಯಣಕ್ಕಾ, ಹುಸೇನಬಿಗೆ ಕಣ್ಣು ಮಂಜಾಗಾಕತ್ಯಾವಂತ. ಕಾಲು ಬಾತು ಕಂಬ ಆಗ್ಯಾವ. ತಲಿ ಸಿಡಿತೈತಿ ಅಂತ ಗ್ವಾಡಿಗೆ ಹಣಿ ಒತ್ತಿಕೊಂಡು ಕುಂತಾಳ. ಇನ್ನೂ ತಿಂಗಳು ತುಂಬಿಲ್ಲ ಆಕಿಗೆ. ದೋಣಿ ಯಾವಾಗ ಬರ್ತೈತಿ?"

ಬಸುರಿಗೆ ರಕ್ತದೊತ್ತಡ ಹೀಗೇರಿದರೆ ಮುಂದೆ ಬರುವುದು ಮೈ ಸೆಟೆಯುವ ಸೆಳವು, ಅದರ ಮುಂದೆ ತಾಯಿಯೂ ಇಲ್ಲ, ಕೂಸೂ ಇಲ್ಲ. ದಾಕ್ಷಾಯಣಿ ಪರದೆಯ ಮೇಲೆ ನೋಡಿದಳು. ಹುಸೇನಬಿಯ ಚುಕ್ಕಿ ಕೆಂಪಗೆ ಉರಿಯುತ್ತಿತ್ತು. ಅದರ ಸುತ್ತ ಒತ್ತೊತ್ತಾಗಿ ಹಳದಿ ಚುಕ್ಕಿಗಳು. ಊರ ಹೆಂಗಸರೆಲ್ಲ ಅವಳನ್ನು ಸುತ್ತುವರಿದು ಕೂತಿದ್ದರು. ಪಕ್ಕದಲ್ಲಿ ಯಂತ್ರದ ತೀರ್ಪು: 'ನೆರವು ಸಮೃದ್ಧ. ಕಾಯಬಹುದು.' ದೋಣಿಯ ಸರದಿಯಲ್ಲಿ ಹುಣಸಿಗಡ್ಡಿ ಎಲ್ಲೋ ತಳದಲ್ಲಿತ್ತು.

ನಿಯಂತ್ರಣ ಕೊಠಡಿಯ ಮುಖ್ಯಸ್ಥರು ಡಾಕ್ಟರ್ ಪ್ರಹ್ಲಾದ ಕಟ್ಟಿ. ಕೆಟ್ಟ ಮನುಷ್ಯರಲ್ಲ. ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿದ್ದವು. ದಾಕ್ಷಾಯಣಿ ಅವರ ಮೇಜಿನ ಮುಂದೆ ಹೋಗಿ ನಿಂತಳು.

"ಸರ್, ಹುಣಸಿಗಡ್ಡಿಗೆ ಒಂದು ದೋಣಿ ಬೇಕ್ರಿ. ಬಸುರಿ ಹೆಂಗಸು. ಜೀವಕ್ಕ ಬಂದದ."

"ನೋಡೇನ್ರಿ. ಒಬ್ಬಾಕಿ ಕೆಂಪು, ಸುತ್ತ ಇಡೀ ಊರು ನೆರವಿಗೆ. ಈ ಕಡೆ ನೋಡ್ರಿ, ಮಾಳಿಗಿ ಮ್ಯಾಲೆ ಮುದುಕ ಮುದುಕಿ ಇಬ್ಬರs, ಕೇಳವರಿಲ್ಲ ಹೇಳವರಿಲ್ಲ. ಇರೋ ದೋಣಿ ಯಾರಿಗೆ ಕೊಡ್ಲಿ?"

"ನೆರವು ಅಂದ್ರ ಡಾಕ್ಟರ್ ಅಲ್ರಿ ಸರ್! ಕೈ ಹಿಡಕೊಂಡು ಕುಂತ್ರ ಒತ್ತಡ ಇಳೀತದೇನು?"

"ನೆರವನ್ನ ಲೆಕ್ಕದೊಳಗ ಹಾಕಿದವರು ನೀವೇ ಅಲ್ಲೇನ್ರಿ?" ಎಂದರು ಕಟ್ಟಿ. ಅಣಕಿಸಿ ಆಡಿದ ಮಾತಲ್ಲ ಅದು, ಬರೀ ದಣಿವಿತ್ತು.

"ಇದೊಂದು ಸಲ ಕೈಯಿಂದ ಸರಿ ಮಾಡೋಣ್ರಿ ಸರ್. ಒಂದೇ ಒಂದು ಸಲ."

"ಒಮ್ಮೆ ಕೈ ಹಾಕಿದೆ ಅಂದ್ರ ಮುಗೀತು ದಾಕ್ಷಾಯಣಿ. ಕೈ ಹಾಕ್ಲಿಕ್ಕೆ ಬರ್ತದ ಅಂತ ಗೊತ್ತಾದ ಕೂಡ್ಲೆ ಫೋನು ಶುರು. ಹಿಂದಿನ ಹೊಳೀಗೆ ಆ ಫೋನು ಎತ್ತಿದಾವ ನಾನು. ಯಾರ ಎಮ್ಮಿ ದೋಣಿ ಹತ್ತಿದ್ವು, ಯಾರ ಮಕ್ಕಳು ಹತ್ತಲಿಲ್ಲ, ಎಲ್ಲಾ ನನಗ ಗೊತ್ತದ. ಅದಕ್ಕೇ ಈ ಯಂತ್ರಕ್ಕ ಕಿವಿ ಇಟ್ಟಿಲ್ಲ ನಾವು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ. ಅವಳು ಹೊರಗಿನ ಪಡಸಾಲೆಗೆ ಬಂದು, ಚಹದ ಗಾಡಿಯ ಮರೆಯಲ್ಲಿ ನಿಂತು ಮೌನೇಶನಿಗೆ ತನ್ನ ಸ್ವಂತ ಫೋನಿನಿಂದ ಮಾತಾಡಿದಳು.

"ಮೌನೇಶಣ್ಣ, ಸರಿಯಾಗಿ ಕೇಳಿಸ್ಕೋ. ನೀವೆಲ್ಲಾ ಒಂದೇ ಒಲಿ ಮ್ಯಾಲೆ ಉಣ್ಣಾಕತ್ತೀರಿ, ಅದಕ್ಕs ದೋಣಿ ಬರವಲ್ದು. ನೀವು ಚೊಲೊ ಅದೀರಿ ಅಂತ ಯಂತ್ರ ತಿಳಕೊಂಡೈತಿ. ಒಲಿ ಒಡೀರಿ. ಹಿಟ್ಟು ಮನಿಗಿಷ್ಟು ಅಂತ ಹಂಚಿಬಿಡ್ರಿ. ಬ್ಯಾರೆ ಬ್ಯಾರೆ ಹೊತ್ತಿಗೆ ಉಣ್ರಿ. ಒಬ್ಬರ ಮನಿಗೆ ಒಬ್ಬರು ಕಾಲಿಡಬ್ಯಾಡ್ರಿ. ಹುಸೇನಬಿ ಹತ್ರ ಆಕಿ ಅವ್ವ ಒಬ್ಬಾಕಿನs ಇರ್ಲಿ. ಒಂಟಿ ಇದ್ದಾವ್ರು ಒಂಟೀನs ಇರ್ಬೇಕು."

ಆ ಕಡೆ ಹೊಳೆಯ ಮೊರೆತ ಕೇಳುತ್ತಿತ್ತು.

"ನೀ ಇದs ಗಡ್ಡಿಯಾಗ ಹುಟ್ಟಿದಾಕಿ ಹೌದಲ್ಲ?" ಎಂದ ಮೌನೇಶ.

"ಅಣ್ಣಾ, ಹುಸೇನಬಿ ಉಳೀಬೇಕೋ ಬ್ಯಾಡೋ?"

"ಕಡಗನs ಬಿಚ್ಚಿ ಹೊಳಿಗೆ ಒಗದ್ರ?"

"ಒಗದ್ರ ಲೆಕ್ಕದಿಂದನs ಹೊರಗ. ಗೊತ್ತಿಲ್ಲದ ಊರು ಅಂತ ಎಲ್ಲಾರಿಗಿಂತ ಕಡೀಗೆ ಹಾಕ್ತಾರ."

"ಉಪಾಸ ಬಿದ್ದ ಮನಿ ಮುಂದ ನಾವು ಹ್ಯಾಂಗ ರೊಟ್ಟಿ ಬಡೀಬೇಕು?"

"ಒಂದೆಲ್ಡು ದಿನದ ಮಾತು. ಯಾರೂ ಸಾಯಂಗಿಲ್ಲ ಬಿಡು," ಎಂದಳು ದಾಕ್ಷಾಯಣಿ. ಎಷ್ಟು ಸಲೀಸಾಗಿ ಅಂದುಬಿಟ್ಟಳು!

ಗಡ್ಡೆಯಲ್ಲಿ ಆ ದಿನ ನಡೆದದ್ದನ್ನು ಆಮೇಲೆ ಮೌನೇಶನೇ ಅವಳಿಗೆ ಹೇಳಿದ. ಶಾಲೆಯ ಅಂಗಳದಲ್ಲಿ ದೊಡ್ಡ ರಂಪವಾಯಿತಂತೆ. ಒಲೆಗೆ ನೀರು ಹಾಕಲು ಯಾವ ಹೆಂಗಸೂ ಮುಂದೆ ಬರಲಿಲ್ಲ. ಕೊನೆಗೆ ದುರುಗವ್ವನೇ ಎದ್ದು ಬಂದು, "ನನ್ ಸೊಸಿ ಓದಿದಾಕಿ. ಆಕಿ ಹೇಳ್ಯಾಳಂದ್ರ ಏನರ ಇರ್ತೈತಿ. ಕೂಸಿಗಿಂತ ಒಲಿ ದೊಡ್ಡದೇನ್ರೆ?" ಎಂದು ಬಿಂದಿಗೆ ಎತ್ತಿ ಸುರಿದಳು. ಅಣ್ಣನ ಮಗಳನ್ನು ಆ ಕಡೆ ಸೊಸೆ ಎಂದೇ ಕರೆಯುತ್ತಾರೆ. ಒಲೆ ಚುಂಯ್ ಎಂದು ಆರಿದಾಗ ನಾಲ್ಕಾರು ಮಂದಿ ಗೊಳೋ ಎಂದು ಅತ್ತರಂತೆ. ಹಿಟ್ಟನ್ನು ತಲೆಗಿಷ್ಟು ಎಂದು ಹಂಚಿದರು. ಎಲ್ಲರೂ ತಮ್ಮ ತಮ್ಮ ಗೋಡೆಯ ಹಿಂದೆ ಸೇರಿಕೊಂಡರು. ದುರುಗವ್ವನ ಮನೆ ಮುಳುಗಿತ್ತು, ಹಿಂದೆ ಮುಂದೆ ಯಾರೂ ಇಲ್ಲದವಳು. ಪಾಲಿನ ಹಿಟ್ಟನ್ನು ಸೆರಗಿಗೆ ಕಟ್ಟಿಕೊಂಡು ತುದಿಯ ಗೋದಾಮಿಗೆ ನಡೆದಳು. ಒಂಟಿ ಇದ್ದವರು ಒಂಟಿಯೇ ಇರಬೇಕು ಎಂದು ಹೇಳಿಕಳಿಸಿದ್ದಳಲ್ಲ ಸೊಸೆ.

ಯಂತ್ರ ಒಪ್ಪಿಕೊಂಡಿತು. ಹುಣಸಿಗಡ್ಡಿಯ ನೆರವು ಗಂಟೆಗಂಟೆಗೂ ಇಳಿಯತೊಡಗಿತು, ಸರದಿಯಲ್ಲಿ ಊರು ಮೇಲೇರತೊಡಗಿತು. ದಾಕ್ಷಾಯಣಿ ಪರದೆಯಿಂದ ಕಣ್ಣು ಕೀಳಲಿಲ್ಲ. ಆದರೂ ಸಾಲದು, ಎದುರು ದಂಡೆಯಲ್ಲಿ ಇನ್ನೂ ಗತಿಗೆಟ್ಟ ಊರುಗಳಿದ್ದವು. ನಡುನಡುವೆ ಸಕ್ಕರೆ ಕಾಯಿಲೆಯಿದ್ದ ಅತ್ತೆಗೆ ಫೋನು ಮಾಡುತ್ತಿದ್ದಳು.

"ಅತ್ತಿ, ಸಕ್ರಿ ಗುಳಿಗಿ ತಗೊಂಡ್ಯಾ?"

"ತಗೊಂಡೆವ್ವಾ. ನೀ ಹೇಳಿದಂಗ ಒಂದು ಹೊತ್ತೂ ತಪ್ಪಿಸಿಲ್ಲ."

"ಊಟ ಆತೇನು?"

"ಆತು. ನೀ ಉಂಡಿಯಾ? ದನಿ ಸೊರಗೈತಲ್ಲ ನಿಂದು?"

ಆ ಸೀಮೆಯಲ್ಲಿ ಊಟ ಆತೇನು ಎಂದು ಕೇಳಿದರೆ ಆತು ಎನ್ನುವುದೇ ಉತ್ತರ. ಇಲ್ಲ ಎನ್ನುವ ಮಾತೇ ಇಲ್ಲ. ಇಲ್ಲ ಎಂದರೆ ಕೇಳಿದವರು ತಮ್ಮ ತಾಟು ಬಿಟ್ಟು ಏಳಬೇಕಾಗುತ್ತದೆ, ಕೊರತೆಯಲ್ಲಿದ್ದವರ ಬಾಯಿಂದ ತುತ್ತು ಕಸಿದಂತೆ ಆಗುತ್ತದೆ. ಅದಕ್ಕೇ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವರೂ ನಗುತ್ತ ಆತು ಎನ್ನುತ್ತಾರೆ. ಕೇಳಿದವರಿಗೂ ಇದು ಗೊತ್ತು. ಗೊತ್ತಿದ್ದೇ, ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ತಾಟು ತಂದು ಮುಂದೆ ಇಡುತ್ತಾರೆ. ಪದ್ಧತಿ ನಡೆಯುತ್ತಿದ್ದದ್ದು ಹಾಗೆ. ತಾಟು ತರುವುದನ್ನೇ ನಿಲ್ಲಿಸಿ ಎಂದು ಒಬ್ಬಳು ಓದಿದವಳು ಹೇಳಿದ್ದಳು, ಕೇಳುವುದು ಮಾತ್ರ ಉಳಿದಿತ್ತು.

ಮರುದಿನ ಬೆಳಿಗ್ಗೆ ದುರುಗವ್ವನ ಚುಕ್ಕಿ ಹಳದಿಯಿಂದ ಕಿತ್ತಳೆಗೆ ತಿರುಗಿತು. ದಾಕ್ಷಾಯಣಿ ಅಂಕಿ ತೆಗೆದು ನೋಡಿದಳು. ಸಕ್ಕರೆ ತಳ ಕಂಡಿತ್ತು. ಒದ್ದೆ ಚರ್ಮದ ಮೇಲೆ ಈ ಕಡಗ ಸಕ್ಕರೆಯನ್ನು ಕಡಿಮೆ ತೋರಿಸುತ್ತದೆ ಎನ್ನುವುದು ಅವರಿಗೆಲ್ಲ ಗೊತ್ತಿದ್ದ ದೋಷ. ಮಳೆ ಹೊಡೆಯುತ್ತಿತ್ತು, ಗೋದಾಮು ಸೋರುವುದು ಸಹಜ. ಮೇಲಾಗಿ, ಅದು ಹುಣಸಿಗಡ್ಡಿ. ಸಾವಿರ ಸಲ ಬೇಡವೆಂದರೂ ಯಾರಾದರೂ ಒಬ್ಬಳು ಕತ್ತಲಾದ ಮೇಲೆ ಕಡಗ ಬಿಚ್ಚಿಟ್ಟು, ಸೆರಗಿನೊಳಗೆ ರೊಟ್ಟಿ ಮುಚ್ಚಿಕೊಂಡು ಹೋಗಿಯೇ ಹೋಗಿರುತ್ತಾಳೆ, ಆ ಊರಿನ ಹೆಂಗಸರು ಯಾರ ಮಾತು ಕೇಳುವವರು? ಆದರೂ ಇರಲಿ ಎಂದು ಫೋನು ಮಾಡಿದಳು.

"ಅತ್ತಿ, ಖರೇ ಹೇಳು. ಉಂಡಿಯಾ?"

"ಆತವ್ವಾ..." ಮಾತು ತುಸು ತೊದಲುತ್ತಿತ್ತು. "ನಿದ್ದಿ ಬರಾಕತ್ತೈತಿ. ಹುಸೇನಬಿಗೆ ದೋಣಿ ಬಂತಾ?"

ಹುಟ್ಟಿದಂದಿನಿಂದ ಕೇಳಿದ ದನಿ. ವರ್ಷಾನುಗಟ್ಟಲೆ ಯಂತ್ರವನ್ನೇ ನಂಬಿದವಳು ಅವತ್ತೊಂದು ದಿನ ಮನುಷ್ಯರ ಮಾತನ್ನು ನಂಬಿದಳು. ಮುದುಕಿಗೆ ನಿದ್ದೆಗಣ್ಣು ಅಂದುಕೊಂಡಳು. ಒಳಗೊಳಗೇ ಒಂದು ಖುಷಿಯೂ ಆಯಿತೆನ್ನುವುದನ್ನು ಮುಚ್ಚಿಡಬಾರದು: ಕಡಗದ ದೋಷ ಈ ಸಲ ನಮ್ಮ ಕಡೆಗಿದೆ ಎಂಬ ಖುಷಿ.

ಸ್ವಲ್ಪ ಹೊತ್ತಿಗೆ ದುರುಗವ್ವನ ಚುಕ್ಕಿ ಕೆಂಪಾಯಿತು. ಒಂಟಿ ವೃದ್ಧೆ, ಬಹಳ ಹೊತ್ತಿನಿಂದ ಹತ್ತಿರ ಒಂದು ಕಡಗವೂ ಸುಳಿದಿಲ್ಲ, ರಕ್ತದಲ್ಲಿ ಸಕ್ಕರೆಯಿಲ್ಲ. ಯಂತ್ರಕ್ಕೆ ಬೇಕಾಗಿದ್ದದ್ದು ಇದೇ. ಹುಣಸಿಗಡ್ಡಿ ಸರದಿಯ ಮೊದಲ ಸ್ಥಾನಕ್ಕೆ ನೆಗೆಯಿತು. 'ನೆರವು ಶೂನ್ಯ. ತಕ್ಷಣ ದೋಣಿ.' ದಾಕ್ಷಾಯಣಿ ಕುರ್ಚಿಯಿಂದ ಎದ್ದೇಬಿಟ್ಟಳು. ದೋಣಿ ಹೊರಟಿತೆಂದು ಮೌನೇಶನಿಗೆ ತಿಳಿಸಿ, ಡಬ್ಬಿ ಬಿಚ್ಚಿ, ಎಷ್ಟೋ ಹೊತ್ತಿನ ಮೇಲೆ ಹೊಟ್ಟೆ ತುಂಬ ಚಿತ್ರಾನ್ನ ಉಂಡಳು. ಕೈ ತೊಳೆದು ಬರುವಷ್ಟರಲ್ಲಿ ಅತ್ತೆಯ ಚುಕ್ಕಿ ಬೂದು ಬಣ್ಣಕ್ಕೆ ಬಂದಿತ್ತು. ಕಡಗ ಓದುತ್ತಿಲ್ಲ ಎಂದರ್ಥ. ಇನ್ನೇನು ದೋಣಿ ಬಂತಲ್ಲ, ಬಿಚ್ಚಿ ಎಸೆದಿರಬೇಕು ಎಂದುಕೊಂಡು ನಕ್ಕಳು.

ಮಧ್ಯಾಹ್ನ ದೋಣಿಯವನ ದನಿ ಸ್ಪೀಕರಿನಲ್ಲಿ ಬಂತು.

"ಹುಣಸಿಗಡ್ಡಿ ಮುಟ್ಟೇವ್ರಿ ಸರ. ಬಸುರಿ ಹೆಣ್ಮಗಳು ಹತ್ತಿದ್ಲು, ಉಸುರು ಐತಿ, ಸೂಜಿ ಕೊಟ್ಟೇವ್ರಿ. ಗೋದಾಮಿನ್ಯಾಗ ಒಬ್ಬಾಕಿ ಮುದುಕಿ ಅಂತ ತೋರಿಸ್ತಿತ್ತಲ್ರಿ... ಆಕಿ ತಣ್ಣಗಾಗ್ಯಾಳ್ರಿ ಸರ."

ಯಾರೋ ದಾಕ್ಷಾಯಣಿಯ ಹೆಗಲು ಹಿಡಿದು ಕೂರಿಸಿದರು. ದುರುಗವ್ವ ಹಿಟ್ಟಿನ ಗಂಟನ್ನು ತಲೆಗಿಟ್ಟುಕೊಂಡು ಮಲಗಿದ್ದಳಂತೆ. ಹಿಟ್ಟು ಒಂದು ಚಿಟಿಕೆಯೂ ಖರ್ಚಾಗಿರಲಿಲ್ಲ. ಗೋದಾಮಿನಲ್ಲಿ ಒಣ ಕಟ್ಟಿಗೆ ಎಲ್ಲಿಂದ ಬರಬೇಕು? ಹಚ್ಚಲು ಬೆಂಕಿ ಎಲ್ಲಿಂದ? ಕೇಳಲು ಹೋಗುವಂತಿರಲಿಲ್ಲ, ಹೋದರೆ ಅವಳ ಕಡಗ ಇನ್ನೊಬ್ಬರ ಕಡಗದ ಹತ್ತಿರ ಹೋದಂತಾಗುತ್ತದೆ, ದೋಣಿ ತಪ್ಪುತ್ತದೆ. ಉಣ್ಣದ ಹೊಟ್ಟೆಯ ಮೇಲೆ ಗುಳಿಗೆ ಮಾತ್ರ ತಪ್ಪದೆ ನುಂಗಿದ್ದಳು. ಆ ಗುಳಿಗೆ ಇದ್ದಬದ್ದ ಸಕ್ಕರೆಯನ್ನೂ ರಕ್ತದಿಂದ ತೆಗೆದುಹಾಕಿತ್ತು.

ಎರಡು ದಿನ ಕಳೆದ ಮೇಲೆ ದಾಕ್ಷಾಯಣಿ ಕಟ್ಟಿಯವರ ಮುಂದೆ ಎಲ್ಲವನ್ನೂ ಹೇಳಿದಳು. ಯಾವುದನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಮ್ಯಾಲೆ ಏನ್ ಕ್ರಮ ತಗೋತೀರಿ ತಗೋರಿ ಸರ್. ನಾನೇ ಕೊಂದದ್ದು."

"ನಿಮಗೊಬ್ಬರಿಗೇ ಆಗೂ ಮಾತಲ್ಲ ಇದು. ನೀವು ಬಾಯಿ ಬಿಟ್ರಿ ಅಂದ್ರ, ಸುಳ್ಳು ಹೇಳಿ ದೋಣಿ ತರಿಸ್ಕೊಂಡ್ರು ಅಂತ ಆ ಊರವರ ಮ್ಯಾಲೆ ಕೇಸ್ ಆಗ್ತದ. ಎದುರು ದಂಡಿಯೊಳಗ ಆ ದೋಣಿಗೆ ಕಾಯ್ತಿದ್ದವರೊಳಗೂ ಒಬ್ಬಾವ ಹೋದ, ಗೊತ್ತದ ಏನು? ನೀವು ಬಾಯಿ ಬಿಡಲಿಲ್ಲ ಅಂದ್ರ, ಮುದುಕಿಗೆ ತುತ್ತು ಹಾಕದ ಕಲ್ಲು ಮನಸಿನವರು ಅಂತ ಆಗ್ತದ. ಯಾವುದು ಆಗ್ಲಿ, ನೀವೇ ಹೇಳ್ರಿ."

ಎದುರು ದಂಡೆಯ ಆ ಮನುಷ್ಯನ ಹೆಸರು ಕೇಳುವ ಧೈರ್ಯವೂ ಅವಳಿಗೆ ಬರಲಿಲ್ಲ. ಅವಳು ಏನೂ ಹೇಳದೆ ಎದ್ದು ಬಂದಳು. ಹೇಳದಿದ್ದದ್ದೇ ಉತ್ತರವಾಯಿತು. ಸಂಜೆ ಟೀವಿಯಲ್ಲಿ ದೊಡ್ಡವರೊಬ್ಬರು ಪೇಟ ಸರಿಮಾಡಿಕೊಂಡು ಮಾತಾಡಿದರು. ನೆರೆಹೊರೆಯವರೇ ಕೈಬಿಟ್ಟ ವೃದ್ಧೆಯೊಬ್ಬಳನ್ನು ನಮ್ಮ ಯಂತ್ರ ಕೈಬಿಡಲಿಲ್ಲ, ಅವಳನ್ನು ಉಳಿಸಲಾಗದಿದ್ದರೂ ಅದೇ ಊರಿನ ತಾಯಿ ಮಗುವನ್ನು ಉಳಿಸಿತು, ಮನುಷ್ಯರು ಮರೆತ ಮಾನವೀಯತೆಯನ್ನು ವಿಜ್ಞಾನ ನೆನಪಿಸಿದೆ ಎಂದರು. ಚಪ್ಪಾಳೆ ಬಿತ್ತು. ಮುಂದಿನ ವರ್ಷದಿಂದ ಎಲ್ಲ ಹೊಳೆಗಳ ದಂಡೆಗೂ ಕಡಗ ಬರುತ್ತದಂತೆ.

ಗಡ್ಡೆಯ ಜನರನ್ನು ಹೆದ್ದಾರಿಯ ಪಕ್ಕದ ಒಂದು ಕಲ್ಯಾಣ ಮಂಟಪದಲ್ಲಿ ಇರಿಸಿದ್ದರು. ವಾರ ಕಳೆದ ಮೇಲೆ ದಾಕ್ಷಾಯಣಿ ಅಲ್ಲಿಗೆ ಹೋದದ್ದು ಬೈಸಿಕೊಳ್ಳಲೆಂದು. ಬಾಯಿಗೆ ಬಂದಂತೆ ಬೈಯಲಿ, ಮಣ್ಣು ತೂರಲಿ, ಎಲ್ಲಕ್ಕೂ ಮನಸ್ಸು ಗಟ್ಟಿಮಾಡಿಕೊಂಡು ಹೋಗಿದ್ದಳು. ಮೌನೇಶ ಬಾಗಿಲಲ್ಲೇ ಸಿಕ್ಕ. ಬೈಯಲಿಲ್ಲ.

"ಬಾ," ಎಂದು ಮೆಟ್ಟಿಲ ಮೇಲೆ ಜಾಗ ಮಾಡಿಕೊಟ್ಟ. ತಾನಾಗಿಯೇ ಮಾತು ತೆಗೆದ. "ನಾ ದೂರದಿಂದ ಕೂಗಿ ಕೇಳಿದ್ನೆವ್ವಾ. ಊಟ ಆತೇನತ್ತಿ ಅಂದೆ. ಆತಪ್ಪಾ ಅಂದ್ಲು. ಕುರುಬರ ಹೆಣ್ಮಕ್ಕಳೂ ಕೇಳ್ಯಾರ. ಹುಸೇನಬಿ ಅವ್ವ ಸುದ್ದಾ ಕೇಳ್ಯಾಳ. ನಾ ಅನಕೊಂಡೆ, ಕುರುಬರ ಮನ್ಯಾಗಿಂದ ರೊಟ್ಟಿ ಹೋಗಿರ್ತೈತಿ ಅಂತ. ಅವರು ಅನಕೊಂಡ್ರು, ಮೌನೇಶಪ್ಪ ಬಿಡಾವಲ್ಲ, ಕೊಟ್ಟಿರ್ತಾನ ಅಂತ. ನಿನ್ ಮಾತು ಯಾರೋ ಒಬ್ರು ಮೀರಿರ್ತಾರ ಅಂತ ಪ್ರತಿಯೊಬ್ಬರಿಗೂ ಖಾತ್ರಿ ಇತ್ತು. ನಮ್ ಗಡ್ಡಿಯಾಗ ಯಾರೂ ಕೊಡದs ಇದ್ದದ್ದು ಇವತ್ತಿನತನಕ ಆಗಿಲ್ಲ. ಹಂಗಾಗತೈತಿ ಅಂತ ನಮ್ಗ ಹ್ಯಾಂಗ ಗೊತ್ತಾಗಬೇಕು?"

"ನಾನೂ ಹಂಗs ಅನಕೊಂಡೆ ಅಣ್ಣಾ," ಎಂದಳು ದಾಕ್ಷಾಯಣಿ. "ಟೀವಿಯಾಗ ಹಂಗ ಅಂದ್ರಲ್ಲ... ನಾ ಹೋಗಿ ಖರೇ ಹೇಳ್ತೀನಿ."

"ಏನಂತ ಹೇಳ್ತಿ? ಆಕಿಗೆ ಉಣ್ಣಾಕ ಕೊಟ್ಟಿದ್ವಿ ಅಂತೇನು? ಕೊಟ್ಟಿಲ್ಲಲ್ಲ. ಅವರಂದದ್ದು ಖರೇನs ಐತಿ, ಬಿಡು."

ಒಳಗೆ ಊಟದ ಹೊತ್ತಾಗಿತ್ತು. ದಾಕ್ಷಾಯಣಿ ನೋಡಿದಳು. ಸಾಲಾಗಿ ಪಂಕ್ತಿ ಇಲ್ಲ. ಮನೆಮನೆಯವರು ಮೂಲೆಮೂಲೆಗೆ ಗುಂಪಾಗಿ, ಗೋಡೆಗೆ ಮುಖ ಮಾಡಿ ಕೂತಿದ್ದರು. ಉಂಡಾದ ಮೇಲೆ ಒಂದು ವಿಚಿತ್ರ ನಡೆಯಿತು. ಇಬ್ಬರು ಹೆಂಗಸರು ಎದ್ದು ಒಂದೊಂದೇ ಗುಂಪಿನ ಹತ್ತಿರ ಹೋಗಿ, ಬುಟ್ಟಿಯ ಮುಚ್ಚಳ ತೆಗೆದು ನೋಡಿದರು, ತಾಟು ಬಗ್ಗಿಸಿ ನೋಡಿದರು. ವಯಸ್ಸಾದವರ ಗದ್ದ ಹಿಡಿದು ಬಾಯಿ ತೆರೆಸಿ ನೋಡಿದರು. ಅವಮಾನವೆಂದು ಯಾರೂ ಸಿಡಿಮಿಡಿಗೊಳ್ಳಲಿಲ್ಲ. ಒಬ್ಬ ಮುದುಕ ತಾನಾಗಿಯೇ ನಾಲಗೆ ಚಾಚಿ ತೋರಿಸಿದ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕಲ್ಯಾಣ ಮಂಟಪದ ಆ ದೊಡ್ಡ ಹಾಲಿನಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಡಲು ತಿರುಗಿದವಳ ಕೈಯನ್ನು ಯಾರೋ ಹಿಡಿದರು. ಹುಸೇನಬಿ. ಆಸ್ಪತ್ರೆಯಿಂದ ಅಂದೇ ಬಂದಿದ್ದಳು, ಮುಖದ ಬಾವು ಇನ್ನೂ ಇಳಿದಿರಲಿಲ್ಲ. ಕಂಕುಳಲ್ಲಿ ಅಂಗೈಯಗಲದ ಕೂಸು. ಇನ್ನೊಂದು ಕೈಯಲ್ಲಿ ತಾಟು: ಎರಡು ರೊಟ್ಟಿ, ಮೇಲಿಷ್ಟು ಪುಂಡಿಪಲ್ಯ.

"ಕುಂದ್ರು," ಎಂದಳು ಹುಸೇನಬಿ.

"ನನಗ ಬ್ಯಾಡವ್ವಾ. ನಾ..."

"ಕುಂದ್ರು ಅಂದ್ನೆಲ್ಲ."

ದಾಕ್ಷಾಯಣಿ ನೆಲದ ಮೇಲೆ ಕೂತಳು. ಹುಸೇನಬಿ ಎದುರಿಗೇ ಕೂತು ತಾಟು ಅವಳ ಮುಂದೆ ಸರಿಸಿದಳು. ದಾಕ್ಷಾಯಣಿ ರೊಟ್ಟಿ ಮುರಿದಳು. ಕಣ್ಣೀರು ತಾಟಿಗೆ ಬಿತ್ತು. ಎರಡು ತುತ್ತಿಗೆ ಕೈ ತೊಳೆಯಲು ಎದ್ದವಳನ್ನು ಹುಸೇನಬಿ ಭುಜ ಒತ್ತಿ ಮತ್ತೆ ಕೂರಿಸಿದಳು. ಅವಳ ಕಣ್ಣಲ್ಲಿ ಸಿಟ್ಟಿತ್ತೋ ಅಂತಃಕರಣವಿತ್ತೋ ಹೇಳುವುದು ಕಷ್ಟ. ಕೊನೆಯ ಚೂರು ಮುಗಿಯುವವರೆಗೂ ಆ ಕಣ್ಣು ಕದಲಲಿಲ್ಲ.

"ನುಂಗಿದ್ಯಾ?" ಎಂದು ಅವಳು ಕೇಳಲಿಲ್ಲ. ಕೂಸನ್ನು ತೊಡೆಯ ಮೇಲೆ ಮಲಗಿಸಿ, ಮುಂದೆ ಬಗ್ಗಿ, ದಾಕ್ಷಾಯಣಿಯ ಗದ್ದ ಹಿಡಿದಳು.

"ಬಾಯಿ ತಗಿ. ನೋಡ್ತೀನಿ."